ಎತ್ತಿ ಹೊಡೆದ ಪಂಪು

"ಕವನಾ ಮದುವೇಲಿ ಮಂಗಳಾಷ್ಟಕ ನಾನೇ ಹೇಳೋದು. ಒಂದು ಶ್ಲೋಕ, ಒಂದೇ ಉಸಿರು! ಅದಕ್ಕೆ ದಮ್ಮು ಬೇಕು ಕಣೇ, ದಮ್ಮು!" ಎಂದು ಶಿವಮೊಗ್ಗದ ಹೊಸಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು ಯಜ್ಞನಾರಾಯಣರು ಘೋಷಿಸಿದರು.

"ದಮ್ಮು ನಿಮಗಿದ್ಯಲ್ರೀ! ಅದಕ್ಕೇ ಡಾಕ್ಟ್ರು ಪಂಪು ಕೊಟ್ಟಿರೋದು," ಎಂದರು ಹೆಂಡತಿ ವಿಮಲಾ.

ಕವನಾ ವಿಮಲಾರ ತಮ್ಮ ನಿರಂಜನನ ಮಗಳು. ಭದ್ರಾವತಿಯ ಆ ಭಾವಮೈದುನನ ಮುಂದೆ ಮರ್ಯಾದೆ ಉಳಿಯಬೇಕಾದರೆ ಉಸಿರು ಉಳಿಯಲೇಬೇಕಿತ್ತು. ಆದರೆ ಉಬ್ಬಸಕ್ಕೆಂದು ಕೊಟ್ಟ ಆ ಇನ್ಹೇಲರ್ ಪಂಪು ಬಂದು ತಿಂಗಳಾದರೂ ಮೇಷ್ಟ್ರ ಎದೆಯೊಳಗಿನ ಸುಯ್‌ಸುಯ್ ನಿಲ್ಲಲಿಲ್ಲ. ಬಳಸುವ ಕ್ರಮ ತೋರಿಸಲು ಬಂದ ನರ್ಸಿಗೆ, "ಊರಿಗೆಲ್ಲ ಪ್ರಾಣಾಯಾಮ ಕಲಿಸಿದವನಿಗೆ ಉಸಿರೆಳೆಯೋ ಪಾಠವೇನಮ್ಮ?" ಎಂದು ಕೇಳಿ ಎದ್ದು ಬಂದಿದ್ದರು. ಈಗ ತಪ್ಪೆಲ್ಲ ಥೈರಾಯ್ಡಿನ ತಲೆಗೆ!

"ನನ್ನ ಥೈರಾಯ್ಡು ಮಂದ ಕಣೇ. ಮಂದ ಇರೋ ಮೈಗೆ ಪಂಪು ನಾಟೋದಿಲ್ಲ. ಥೈರಾಯ್ಡ್ ಗುಳಿಗೆ ಇನ್ನೊಂದು ಜಾಸ್ತಿ ನುಂಗ್ತೀನಿ."

"ನುಂಗಿ ನೋಡಿ! ಮೊನ್ನೆ ತಾನೆ ರಕ್ತ ಪರೀಕ್ಷೆ ಮಾಡಿ, ಈಗಿನ ಗುಳಿಗೆ ಸರಿಯಾಗಿದೆ ಅಂದ್ರಲ್ಲ ಡಾಕ್ಟ್ರು. ಅದು ಹೊಟ್ಟೆಗೆ, ಇದು ಎದೆಗೆ, ಎರಡಕ್ಕೂ ಜಗಳ ಇಲ್ಲ ಅಂತಾನೂ ಹೇಳಿದ್ರು. ನೀವ್ಯಾಕೆ ತಂದಿಡ್ತೀರಿ?"

ಮದುವೆ ದಿನ ಬಂದೇಬಿಟ್ಟಿತು. ಭದ್ರಾವತಿಯ ಛತ್ರದಲ್ಲಿ ವಧೂವರರ ನಡುವೆ ಅಂತರಪಟ ಹಿಡಿದರು. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮೇಷ್ಟ್ರು ಎದೆಯುಬ್ಬಿಸಿ ಶುರು ಮಾಡಿದರು. ಸಾಂಬ್ರಾಣಿ ಹೊಗೆಯೂ ಜೊತೆಗೂಡಿತು. ಎರಡನೇ ಶ್ಲೋಕಕ್ಕೆ ಸ್ವರ ಕೀರಲಾಯಿತು, ಮೂರನೆಯದಕ್ಕೆ ಬರೀ ಕೆಮ್ಮು! ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಗಡಿಯಾರ ನೋಡತೊಡಗಿದರು. ಮದುಮಗನ ಕೈಯಲ್ಲಿ ಬೆಲ್ಲ ಕರಗುತ್ತಿತ್ತು.

ಮೇಷ್ಟ್ರು ಕಂಬದ ಮರೆಗೆ ಓಡಿದರು. ಮುಖ ಮೇಲೆತ್ತಿ, ಬಾಯಿ ತೆರೆದು, ಪಂಪನ್ನು ಗೇಣುದ್ದ ಎತ್ತರದಲ್ಲಿ ಹಿಡಿದು ಫುಸ್ ಎಂದು ಒತ್ತಿದರು. ಔಷಧವೆಲ್ಲ ಕನ್ನಡಕದ ಮೇಲೆ ಕುಳಿತಿತು.

ಹಿಂದೆಯೇ ಬಂದ ವಿಮಲಾ ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ! ತಿಂಗಳಿಂದ ದೇವರ ಮನೆ ಬಾಗಿಲು ಹಾಕ್ಕೊಂಡು ಮಾಡ್ತಿದ್ದದ್ದು ಇದೇನಾ? ಉಬ್ಬಸ ಇರೋದು ಕನ್ನಡಕಕ್ಕಾ?"

"ಬಾಯಿಗಿಟ್ರೆ... ಎಂಜಲಾಗತ್ತಲ್ಲೇ!" ಮೇಷ್ಟ್ರು ಏದುಸಿರಿನಲ್ಲೇ ವಾದಿಸಿದರು. "ಹುಟ್ಟಿದಾಗಿಂದ ನೀರನ್ನೂ ಎತ್ತೇ ಕುಡಿದವನು ನಾನು. ಥೈರಾಯ್ಡ್ ಗುಳಿಗೇನೂ... ಎತ್ತೇ ಹಾಕ್ಕೊಳ್ತೀನಿ!"

"ನಿಮ್ಮ ಪಂಪು, ನಿಮ್ಮ ಎಂಜಲು! ಅದನ್ನೇನು ನೈವೇದ್ಯಕ್ಕಿಡ್ತೀರಾ? ತುಟಿ ಬಿಗಿದು ಹಿಡೀರಿ. ಒತ್ತಿ. ನಿಧಾನಕ್ಕೆ ಎಳೀರಿ. ಹಾಂ, ಈಗ ಉಸಿರು ಕಟ್ಟಿ, ಮಾಡಿ ನಿಮ್ಮ ಕುಂಭಕ!"

ಮೇಷ್ಟ್ರು ಹಾಗೆಯೇ ಮಾಡಿದರು. ತಿಂಗಳಲ್ಲಿ ಮೊದಲ ಸಲ ಔಷಧ ಎದೆಗಿಳಿಯಿತು! ವಿಮಲಾ ಮಂಟಪದತ್ತ ಧಾವಿಸಿದರು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಬಾಯಿ ಮುಕ್ಕಳಿಸಿ, ಗಂಟಲು ಸರಿಮಾಡಿಕೊಂಡು ಮಂಟಪಕ್ಕೆ ಮರಳಿದರೆ ಅಲ್ಲಿ ಎಂಟನೇ ಶ್ಲೋಕ ಮುಗಿಯುತ್ತಿತ್ತು. ಹೇಳುತ್ತಿದ್ದವರು ವಿಮಲಾ! ಗಂಡನ ಅಭ್ಯಾಸವನ್ನು ಅಡುಗೆಮನೆಯಿಂದ ಕೇಳಿ ಕೇಳಿ ಅವರಿಗೆ ಅಷ್ಟೂ ಬಾಯಿಪಾಠವಾಗಿತ್ತು. ಅಂತರಪಟ ಸರಿಯಿತು, ಅಕ್ಷತೆ ಸುರಿಯಿತು. ಮೇಷ್ಟ್ರಿಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು, ಅದನ್ನು ಮಾತ್ರ ಯಾರಿಗೂ ತೋರಿಸಿಕೊಳ್ಳಲಿಲ್ಲ.

ಊಟದ ಪಂಕ್ತಿಯಲ್ಲಿ ನಿರಂಜನ ಎಲ್ಲರೆದುರು ಸಾರಿದ: "ಅಕ್ಕಾ, ನನ್ನ ಮಗ ಅಭಯನ ಮದುವೆಗೂ ಮಂಗಳಾಷ್ಟಕ ನೀನೇ ಹೇಳ್ಬೇಕು ಮಾರಾಯ್ತಿ!"

"ಹಂಗಾದ್ರೆ ನಾನು?" ಎಂದರು ಮೇಷ್ಟ್ರು.

"ನೀವು ಉಸಿರಾಡ್ಕೊಂಡಿದ್ರೆ ಸಾಕು ಭಾವ!"