ಹಗಲು ಓಡದ ಸ್ಕ್ರಿಪ್ಟು

“ಇನ್ನ ಮ್ಯಾಲ ನಿನ್ನ ಮೇಲ್ ಬರೋದ ತಡ, ತಾನ ಹಾರಿ ನಿನ್ನ ಫೋನಿಗೆ ಬಂದು ಕುಂದ್ರತೈತಿ” ಎಂದು ರಾಜರತ್ನ ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದ.

ಆಮ್ರಪಾಲಿ ತಿಕೋಟಾದ ಶಾಲೆಯೊಂದಕ್ಕೆ ಗಣಿತ ಶಿಕ್ಷಕಿಯಾಗಲು ಅರ್ಜಿ ಹಾಕಿ, ಸಂದರ್ಶನದ ಕರೆಗೆ ಕಾದಿದ್ದಳು. ಅರ್ಜಿ ತುಂಬಿದವನು ಗಂಡ. ಗಂಡಂದಿರ ವಾಡಿಕೆಯಂತೆ ತನ್ನದೇ ಮೇಲ್ ವಿಳಾಸ ಕೊಟ್ಟಿದ್ದ. ಅದಕ್ಕೆ ಪ್ರಾಯಶ್ಚಿತ್ತವಾಗಿ ಅವನೇ ಬರೆದ ಪುಟ್ಟ ಪ್ರೋಗ್ರಾಮು ಈ ಸ್ಕ್ರಿಪ್ಟು: ಗಂಟೆಗೊಮ್ಮೆ ತಾನಾಗಿ ಎದ್ದು, ಹೊಸ ಮೇಲ್‌ನಲ್ಲಿ ಅವಳ ಹೆಸರಿದ್ದರೆ ಅವಳಿಗೆ ರವಾನಿಸಬೇಕು.

ಹತ್ತು ದಿನವಾದರೂ ಒಂದೂ ಹೋಗಲಿಲ್ಲ. ಸ್ಕ್ರಿಪ್ಟು ಅಳಲಿಲ್ಲ, ಬೈಯಲಿಲ್ಲ. ಗಂಟೆಗಂಟೆಗೂ ಎಲ್ಲ ಸುಸೂತ್ರ ಎಂದೇ ವರದಿ ಕೊಟ್ಟಿತು.

ರಾಜರತ್ನನಿಗೆ ಕುತೂಹಲ ಹತ್ತಿತು. ಬಬಲೇಶ್ವರದ ಆಫೀಸಿನಿಂದ, ಹೆಂಡತಿಯ ಹೆಸರು ಬರೆದು ತನಗೆ ತಾನೇ ಮೇಲ್ ಹಾಕಿ ನೋಡಿದ. ಅವಳಿಗೆ ಹೋಗಲಿಲ್ಲ. ಸಂಜೆ ವಿಜಯಪುರದ ಮನೆಗೆ ಬಂದು ಹಾಕಿದ, ಹೋಯಿತು! ಹಗಲು ಇಲ್ಲ, ಟಿವಿ ಧಾರಾವಾಹಿಯ ಹೊತ್ತಿಗೆ ಮಾತ್ರ ಹೌದು. ಇದೆಂಥ ನಂಟು? ರಜೆ ಹಾಕಿ, ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕಾವಲು ಕೂತ.

ಬೆಳಿಗ್ಗೆ ಒಂದು ಮೇಲ್ ಹಾಕಿದ. ದಪ್ಪ ಅಕ್ಷರದಲ್ಲಿ ಬಂದು ಕೂತ ಅದು ಕಣ್ಣೆದುರೇ, ಯಾರೋ ತೆರೆದು ಓದಿದಂತೆ, ತೆಳ್ಳಗಾಯಿತು. ತಿರುಗಿ ನೋಡಿದರೆ, ಭಜನೆ ಕೇಳಲೆಂದು ಕೊಟ್ಟಿದ್ದ, ಅವನ ಮೇಲ್ ಇನ್ನೂ ತೆರೆದೇ ಇದ್ದ ಹಳೆಯ ಫೋನನ್ನು ಹಿಡಿದು ಅವ್ವ ಪರಸವ್ವ ಒಂದೇ ಸಮನೆ ಒತ್ತುತ್ತಿದ್ದಳು.

“ಏನ್ ಮಾಡಾಕತ್ತಿ ಬೇ?”

“ದಪ್ಪನ್ನವು ಬರ್ತಾವಲ್ಲಪಾ, ಒತ್ತಿದ್ರ ತೆಳ್ಳಗ ಆಗ್ತಾವು. ಬಂದ ಪತ್ರ ಒಡೀದ ಇಡಬಾರದು. ದಿನಾ ನೀ ಹೋದ ಮ್ಯಾಲ ಎಲ್ಲಾ ಹಸನ ಮಾಡಿ ಇಡ್ತೀನಿ. ಸಂಜಿಗೆ ಮಾತ್ರ ಧಾರಾವಾಹಿ ಇರ್ತೈತಿ, ಪುರಸೊತ್ತಾಗೂದಿಲ್ಲ.”

ಓದದ ಮೇಲ್ ಮಾತ್ರ ಹೊಸದೆಂದು ಸ್ಕ್ರಿಪ್ಟಿಗೆ ಕಲಿಸಿದವನು ಅವನೇ. ಅವ್ವ ಮುಟ್ಟಿದ್ದೆಲ್ಲ ಅದರ ಪಾಲಿಗೆ ಹಳತು. ಸ್ಕ್ರಿಪ್ಟನ್ನು ನಂಬಿ ಇಷ್ಟು ದಿನ ತಾನು ನೋಡದೇ ಬಿಟ್ಟಿದ್ದ ಹಳೆಯ ಮೇಲ್‌ಗಳನ್ನು ಗಾಬರಿಯಿಂದ ಕೆದಕಿದ. ಶಾಲೆಯ ಪತ್ರ ನಾಲ್ಕು ದಿನದ ಹಿಂದೆಯೇ ಬಂದಿತ್ತು. ಸಂದರ್ಶನ ಇವತ್ತೇ, ಹನ್ನೊಂದಕ್ಕೆ. ಆಗಲೇ ಹತ್ತೂವರೆ.

“ಆಮ್ರಪಾಲಿ ಎಲ್ಲಿ ಬೇ?”

“ತಿಕೋಟಾಕ್ಕ ಹೋಗ್ಯಾಳ. ನಿನ್ನ ಮುಂದನ ಹೋದ್ಲು, ನೀ ಮುಖ ಎತ್ತಿದ್ರ ಕಾಣ್ತಿತ್ತು. ಆಕಿ ಹೆಸರಿನ ಪತ್ರ ಬಂದ ದಿನಾನ ತೋರಿಸೇನಿ. ನೀ ನಿನಗ ಬರಕೊಂಡಿದ್ದೂ ತೋರಿಸ್ದೆ, ಭಾಳ ನಕ್ಕಳು.”

“ನನಗ್ಯಾಕ ಹೇಳಲಿಲ್ಲ?”

“ಏನೋ ಹುಡುಕಾಕತ್ತಾರ, ನಡುವ ತ್ರಾಸ ಕೊಡೂದು ಬ್ಯಾಡ್ರಿ ಅಂದ್ಲು.”

ರಾಜರತ್ನನಿಗೆ ಹೋದ ಜೀವ ಬಂತು. ಮಾನ ಮಾತ್ರ ವಾಪಸ್ ಬರಲಿಲ್ಲ.

ಮಧ್ಯಾಹ್ನ ಆಮ್ರಪಾಲಿಯ ಫೋನು ಬಂತು. “ಕೆಲಸ ಸಿಕ್ತರಿ. ಸಾಲಿಯವರಿಗೆ ನನ್ನ ಮೇಲ್ ಕೊಟ್ಟೇನಿ. ಆರ್ಡರ್ ಬಂದ ಕೂಡಲೇ ನಿಮಗ ಕಳಸ್ತೇನಿ. ಕಾಣಲಿಲ್ಲಂದ್ರ ಅತ್ತಿಯವರನ್ನ ಕೇಳ್ರಿ.”