ಮಿಸ್‌ಗೆ ಕನ್ನಡ ಬರಲ್ಲ

ಒಂದನೇ ಕ್ಲಾಸಿನ ಮಕ್ಕಳ ಜೊತೆ ಇದ್ದರೆ ನಗೋದಕ್ಕೆ ಬೇರೆ ಏರ್ಪಾಡೇ ಬೇಕಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು, ಟೀಚರಲ್ಲ.

ಹೊಸದುರ್ಗದಿಂದ ಬಸ್ಸಿನಲ್ಲಿ ಹೋಗಿಬರುವ ಒಂದು ಹಳ್ಳಿ ಶಾಲೆಗೆ ನನಗೆ ವರ್ಗವಾಯಿತು. ಅಲ್ಲಿ ಆ ವರ್ಷವೇ ಇಂಗ್ಲಿಷ್ ಮೀಡಿಯಂ ಶುರು. ಹೆಡ್‌ಮಾಸ್ಟರು ಮೊದಲೇ ಹೇಳಿದರು: "ಮೇಡಂ, ಊರಿಗೆ ಕಾನ್ವೆಂಟ್ ವ್ಯಾನ್ ಬರ್ತೈತೆ. ಮಕ್ಳು ಅದನ್ನ ಹತ್ತಿದ್ರೆ ನಮ್ಮ ಸೆಕ್ಷನ್ ಮುಚ್ಚಿದಂಗೆ. ಊರಿನವರ ಕಿವಿಗೆ ನಿಮ್ಮ ಕನ್ನಡ ಬೀಳಬಾರ್ದು."

ನಾನು ಹುಟ್ಟಿ ಬೆಳೆದದ್ದು ಹೊಳಲ್ಕೆರೆ. ಬೇರೆ ಭಾಷೆಯಲ್ಲಿ ನನಗೆ ನೆಟ್ಟಗೆ ಸಿಟ್ಟು ಕೂಡ ಬರಲ್ಲ. ಆದರೂ ಹೂಂ ಅಂದೆ.

೧. ನೀರು ಅನ್ರಿ

"ಸಿಟ್ ಡೌನ್ ಚಿಲ್ಡ್ರನ್" ಅಂದೆ. ಯಾರೂ ಕೂರಲಿಲ್ಲ. ನಾನೇ ಕೂತು ತೋರಿಸಿದೆ, ಎದ್ದೆ, ಮತ್ತೆ ಕೂತೆ. ಮುಂದಿನ ಸಾಲಿನ ಎರಡು ಜಡೆ ಹುಡುಗಿ ಹಿಂದಕ್ಕೆ ತಿರುಗಿ, "ಲೇ, ಪಾಪ, ಮಿಸ್‌ಗೆ ಕನ್ನಡ ಬರಲ್ಲ ಕಣ್ರೋ" ಅಂದಳು. ಆಮೇಲೆ ನೀರಿನ ಬಾಟಲಿ ಹಿಡಿದು ನನ್ನ ಹತ್ತಿರ ಬಂದಳು.

"ಮಿಸ್, ಇದು ನೀರು. ನೀರು ಅನ್ರಿ."

ಕಿಟಕಿಯಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. "ನೀ... ರು" ಅಂದೆ. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು.

ಅವತ್ತಿಂದ ಪಾಠ ಭರ್ಜರಿಯಾಗಿ ನಡೆಯಿತು. ಕಲಿಯೋಳು ಮಾತ್ರ ನಾನೊಬ್ಬಳೇ.

೨. ಮೇ ಐ ಗೋ ಔಟ್

ಮಕ್ಕಳಿಗೆ ಗಟ್ಟಿಯಾಗಿ ಬರುತ್ತಿದ್ದದ್ದು ಇದೊಂದೇ ಇಂಗ್ಲಿಷ್ ವಾಕ್ಯ. ಹಾಗಾಗಿ ಎಲ್ಲಕ್ಕೂ ಅದೇ. ಪೆನ್ಸಿಲ್ ಮುರಿದರೂ ಅದೇ, ಪಕ್ಕದವನು ಚಿವುಟಿದರೂ ಅದೇ.

ಬಿಸಿಯೂಟದ ಹೊತ್ತಲ್ಲಿ ಒಬ್ಬ ತಟ್ಟೆ ಹಿಡಿದು ಬಂದ. "ಮೇ ಐ ಗೋ ಔಟ್ ಮಿಸ್?"

"ಗೋ" ಅಂದೆ. ಕದಲಲಿಲ್ಲ. "ಗೋ, ಗೋ" ಅಂತ ಬಾಗಿಲು ತೋರಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಅಲ್ಲೇ ನಿಂತ.

ಅಡುಗೆಯಮ್ಮ ನನ್ನನ್ನು ಕರೆದು, ಒಂದು ಮೊಟ್ಟೆ ಎತ್ತಿ ಹಿಡಿದು, ಅವನ ತಟ್ಟೆ ತೋರಿಸಿ, "ಇನ್ನೊಂದು" ಅಂತ ಕೈಸನ್ನೆ ಮಾಡಿದರು. ನನಗೆ ಕನ್ನಡ ಬರಲ್ಲ ಅನ್ನೋ ಸುದ್ದಿ ಅಡುಗೆಮನೆಗೂ ಮುಟ್ಟಿತ್ತು.

೩. ಬಸ್ಸಿನಲ್ಲಿ

ಒಂದು ಸಂಜೆ ಬಸ್ಸಿನಲ್ಲಿ ಆ ಎರಡು ಜಡೆಯವಳ ಅಜ್ಜಿ ನನ್ನ ಪಕ್ಕದಲ್ಲೇ ಕುಂತರು. ನನಗೆ ಕೈ ಮುಗಿದು, ಆ ಕಡೆ ಕೂತಿದ್ದ ಹೆಂಗಸಿಗೆ ಹೇಳಿದರು: "ಇವರೇ ಕಣಮ್ಮ ಇಂಗ್ಲೀಷ್ ಮಿಸ್ಸು. ಒಳ್ಳೆಯೋರು. ಎಷ್ಟು ಬಡಕಲು ನೋಡು, ಸೀರೆ ಒಣಗಾಕ್ದಂಗೈತೆ."

ನಾನು ನಕ್ಕೆ. ಬೇರೇನು ಮಾಡಲಿ?

"ಬರೋ ತಿಂಗ್ಳು ಮೊಮ್ಮಗಳನ್ನ ವ್ಯಾನಿಗೆ ಹತ್ತಿಸ್ತೀವಿ. ನಮ್ಮದು ಹೋದ್ರೆ ನಮ್ಮ ಬೀದಿ ಮಕ್ಳೆಲ್ಲ ಹೋಗ್ತವೆ. ಪಾಪ, ಇವರಿಗೆ ಹೇಳಾಣ ಅಂದ್ರೆ ತಿಳಿಯಲ್ಲ."

ಆ ಹುಡುಗಿ ಅಂದರೆ ನನಗೆ ಪ್ರಾಣ. ಇಳಿಯುವಾಗ ಅಜ್ಜಿ "ಬರ್ತೀನಿ ಕಣಮ್ಮ" ಅಂತ ನನ್ನ ಬೆನ್ನು ಸವರಿದರು. ನಾನು "ಥ್ಯಾಂಕ್ಯೂ" ಅಂದೆ.

೪. ಪೋಷಕರ ಸಭೆ

ಸಭೆಯಲ್ಲಿ ಅಜ್ಜಿ ಎದ್ದು ನಿಂತರು. "ಮೇಷ್ಟ್ರೇ, ನಮ್ಮ ಹುಡುಗೀದು ಟೀಸಿ ಕೊಡ್ರಿ." ಹಿಂದೆಯೇ ಇನ್ನೂ ನಾಕು ಜನ ಎದ್ದರು. ಹೆಡ್‌ಮಾಸ್ಟರು ನನ್ನ ಕಡೆ ನೋಡಿ, "ಮೇಡಂ, ಇಂಗ್ಲಿಷಲ್ಲಿ ನಾಕು ಮಾತು" ಅಂತ ಪಿಸುಗುಟ್ಟಿದರು.

ನನಗೆ ತಡೆಯಲಾಗಲಿಲ್ಲ. "ಏನಜ್ಜಿ ನೀವು! ಇಷ್ಟು ಚುರುಕು ಹುಡುಗೀನ ಯಾವ ವ್ಯಾನಿಗೆ ಹತ್ತಿಸ್ತೀರಿ? ಇಂಗ್ಲೀಷ್ ಕಲಿಸಬೇಕಂದ್ರೆ ಮೊದ್ಲು ಮಕ್ಕಳಿಗೆ ತಿಳಿಯೋ ಮಾತಲ್ಲಿ ಹೇಳ್ಬೇಕು. ನಾನು ಎರಡರಲ್ಲೂ ಹೇಳ್ಕೊಡ್ತೀನಿ. ಸುಮ್ನೆ ಇಲ್ಲೇ ಬಿಡ್ರಿ!"

ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡರು. ಸೆಕ್ಷನ್ನು ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಎರಡು ಜಡೆಯವಳು ಬೆಂಚು ಹತ್ತಿ ಕೂಗಿದಳು: "ಅಜ್ಜೀ, ನಾವೇ ಕಲ್ಸಿದ್ದು!"

ಅಜ್ಜಿ ನನ್ನನ್ನೇ ದಿಟ್ಟಿಸಿ ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಎದ್ದವರನ್ನೆಲ್ಲ ಕೈ ಮಾಡಿ ಕೂರಿಸಿದರು. "ಕುಂತ್ಕಳ್ರಿ, ಕುಂತ್ಕಳ್ರಿ. ಒಂದಕ್ಷರ ಕನ್ನಡ ಬರದಿದ್ದೋರಿಗೆ ಇಷ್ಟು ಬೇಗ ಹಿಂಗೆ ಮಾತು ಕಲಿಸೈತೆ ಅಂದ್ರೆ, ಇದಕ್ಕಿಂತ ಒಳ್ಳೆ ಇಸ್ಕೂಲು ಎಲ್ಲೈತೆ? ವ್ಯಾನು ಬ್ಯಾಡ." ಹೆಡ್‌ಮಾಸ್ಟರ ಕಡೆ ತಿರುಗಿದರು. "ಮೇಷ್ಟ್ರೇ, ಮಿಸ್‌ದು ಆಯ್ತಲ್ಲ, ಇನ್ನ ಹುಡುಗ್ರಿಗೂ ಒಂಚೂರು ಇಂಗ್ಲೀಷ್ ಕಲಿಸ್ರಿ."