ದೇವರ ಪಾಲಿನ ಮೊಗ್ಗು

ನ್ಯೂಜೆರ್ಸಿಯ ಕನ್ನಡಿಗರೆಲ್ಲ ಕಂಪ್ಯೂಟರುಗಳ ವೈಟುಕೆ ರಿಪೇರಿಯಲ್ಲಿ ಮುಳುಗಿದ್ದ ಕಾಲದಲ್ಲಿ ನಾನು ಮೂತಿಹುಳುಗಳ ಸಂಶೋಧನೆ ಮಾಡುತ್ತಿದ್ದೆ. ಅಕ್ಕಿಯ ನುಸಿಯ ಬಳಗವೇ ಅದು. ಹಾಗಾಗಿ ಯಾರಾದರೊಬ್ಬರು ನನ್ನನ್ನು ಅನುಮಾನದಿಂದ ನೋಡದೆ ಒಂದು ವಾರವೂ ಕಳೆಯುತ್ತಿರಲಿಲ್ಲ.

೧. ಅಕ್ಕಿ ಡಬ್ಬ

ಎಡಿಸನ್‌ನಲ್ಲಿ ಒಬ್ಬ ಆಂಟಿ ಊಟಕ್ಕೆ ಕರೆದಿದ್ದರು. ಯಾವ ಪ್ರಾಜೆಕ್ಟ್ ಎಂದು ಕೇಳಿದರು, ಹೇಳಿದೆ. ಅಕ್ಕಿ ಡಬ್ಬ ಅಡುಗೆಮನೆಯಿಂದ ಬೆಡ್‌ರೂಮಿಗೆ ಹೋಯಿತು. ಊಟ ಮುಗಿಸಿ ನಾನೂ ಗಂಡನೂ ಕಾರು ಹತ್ತುವಷ್ಟರಲ್ಲೇ ಒಳಗೆ ವ್ಯಾಕ್ಯೂಮ್ ಸದ್ದು ಶುರುವಾಗಿತ್ತು.

೨. ಕೊಡೆ

ಹೂಗಿಡದ ಹುಳು ಹಿಡಿಯಲು ಕೊಡೆಯನ್ನು ಬಿಚ್ಚಿ, ಕೊಂಬೆಯ ಕೆಳಗೆ ತಲೆಕೆಳಗಾಗಿ ಹಿಡಿದು, ಹುಳು ಅದರೊಳಗೆ ಉದುರುವಂತೆ ಕೋಲಿನಿಂದ ಕೊಂಬೆಗೆ ತಟ್ಟಬೇಕು. ಸಮರ್‌ಸೆಟ್‌ನ ನಮ್ಮ ಹಿತ್ತಿಲಲ್ಲಿ ಹೀಗೆ ಮಾಡುವಾಗಲೆಲ್ಲ ಪಕ್ಕದ ಮನೆಯ ಅಮೆರಿಕನ್ ಮುದುಕ ಪರದೆ ಸರಿಸಿ ನೋಡುತ್ತಿದ್ದ. ಒಂದು ದಿನ ಬೇಲಿಯ ಹತ್ತಿರ ಬಂದ. ಪೊಲೀಸರಿಗೆ ಫೋನ್ ಮಾಡಿಯೇ ಬಂದಿದ್ದಾನೆ ಎಂದುಕೊಂಡೆ. ಪಾಪ, ಕೊಡೆ ಹಿಡಿಯುವುದು ಹೇಗೆಂದು ನಿಧಾನವಾಗಿ ತೋರಿಸಿಕೊಟ್ಟು ಹೋದ.

೩. ಕಳ್ಳತನ

ಆ ಹಿತ್ತಿಲ ದಾಸವಾಳದಿಂದ, ಯಾರೂ ಇನ್ನೂ ಹೆಸರಿಡದ ಹೊಸ ಹುಳುವೊಂದು ನನ್ನ ಕೊಡೆಗೆ ಬಿತ್ತು. ಅದರ ಬದುಕೇ ಆ ಗಿಡ ಎಂದು ಬಾಸ್‌ಗೆ ಹೇಳಿದೆ. ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ಅಲ್ಲೇ ಸಂಸಾರ ಹೂಡಿದ್ದಾರೆಯೇ ಎಂದು ಅವರು ಕೇಳಿದರು. ಹುಳು ಮೊಗ್ಗಿನೊಳಗೇ ಹುಟ್ಟಿ ಬೆಳೆಯುತ್ತದೆಂದು ಬೇಸಿಗೆ ಮುಗಿಯುವುದರೊಳಗೆ ತೋರಿಸದಿದ್ದರೆ ನನ್ನ ವರ್ಷದ ಕೆಲಸ ನೀರುಪಾಲು.

ಒಳಗಿನಿಂದ ಹೊರಬಂದ ಹುಳು ತಪ್ಪಿಸಿಕೊಳ್ಳದಂತೆ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದೆ. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿದಾಗ ಚೀಲಗಳು ಕಟ್ಟಿದಂತೆಯೇ ಇದ್ದವು, ಒಳಗೆ ಮೊಗ್ಗಿಲ್ಲ. ಜಿಂಕೆ ತಿಂದರೆ ಚೀಲವನ್ನು ಮತ್ತೆ ಕಟ್ಟಿ ಹೋಗುತ್ತದೆಯೇ? ಮುದುಕನ ಮೇಲೆ ಅನುಮಾನ ಬಂತು. ಬಾಸ್ ಮೇಲೂ ಬಂತು. ಗಂಡನ ಮೇಲೆ ಬರಲಿಲ್ಲ, ಅವನು ಹಿತ್ತಿಲಿಗೆ ಕಾಲಿಟ್ಟವನೇ ಅಲ್ಲ.

ಒಂದು ಬೆಳಿಗ್ಗೆ ನೋಡಿದರೆ, ಧಾರವಾಡದಿಂದ ಬಂದಿದ್ದ ಅತ್ತೆ ಮಡಿಯಲ್ಲಿ ನಿಂತು ಚೀಲ ಬಿಚ್ಚುತ್ತಿದ್ದಾರೆ.

“ದೇವರ ಹೂವು ಯಾರೂ ಮುಟ್ಟಬಾರ್ದಂತ ಅರಿವಿ ಕಟ್ಟೀಯಲ್ಲವಾ, ಭಾಳ ಶಾಣ್ಯಾಕಿ ನೀ,” ಎಂದು ಮೆಚ್ಚಿಕೊಂಡರು.

ನನಗೆ ಅಳುವೇ ಬಂತು. ಕಿತ್ತ ಮೊಗ್ಗೆಲ್ಲ ಎಲ್ಲಿ ಎಂದು ಕೇಳಿದೆ. ದೇವರಿಗೆ ಏರಿಸಿದ್ದನ್ನು ಕಸಕ್ಕೆ ಹಾಕುವಂತಿಲ್ಲವಂತೆ, ಹೊಳೆಗೇ ಬಿಡಬೇಕಂತೆ. ಕರೆದುಕೊಂಡು ಹೋಗಲು ಮಗನಿಗೆ ಪುರಸೊತ್ತಿಲ್ಲ. ಅಷ್ಟನ್ನೂ ಗ್ಯಾರೇಜಿನಲ್ಲಿ ಐಸ್‌ಕ್ರೀಮ್ ಡಬ್ಬದೊಳಗೆ ತುಂಬಿಟ್ಟಿದ್ದರು. ಓಡಿಹೋಗಿ ಮುಚ್ಚಳ ತೆಗೆದೆ. ಒಣಗಿದ ಮೊಗ್ಗೊಂದನ್ನು ಕೊರೆದುಕೊಂಡು ನನ್ನ ಹುಳು ಮೂತಿ ಹೊರಗೆ ಹಾಕುತ್ತಿತ್ತು. ಸಂತೋಷ ತಡೆಯಲಾರದೆ ಅತ್ತೆಯನ್ನು ತಬ್ಬಿಕೊಂಡೆ.

ಅವರು ಕೈ ಬಿಡಿಸಿಕೊಂಡು ಹುಳುವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅಂದ್ರ, ದೇವರ ಹೂವಿನಾಗ ಹುಳಾ ಬಿಟ್ಟಾಕಿ ನೀನ ಏನು?”